ರೊಟ್ಟಿ ಚೊಲೋ ಅದಾವ, ಕತಿ ಹೇಳಾಕ ಬರವಲ್ದು

ರೊಟ್ಟಿಬುಟ್ಟಿ (ಬೀಳಗಿ ತಾಲೂಕು)

ಎಲ್ಲಾರಿಗೂ ಶರಣ್ರಿ. ನಾವು ಹನ್ನೊಂದು ಮಂದಿ ಹೆಣ್ಮಕ್ಕಳು ಕೂಡಿ ಸಂಘ ಕಟ್ಟಿ ನಾಕು ವರ್ಷ ಆತು. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ ಮಾಡಿ ಮಾರತೀವಿ. ಊರಾಗ, ಬಾಗಲಕೋಟಿ ಸಂತ್ಯಾಗ ಅಡ್ಡಿಯಿಲ್ಲ, ಹೋಗತಾವ. ಹೊರಗಿನ ಊರಿಗೆ ಕಳಸಬೇಕು ಅಂತ ಹ್ವಾದ ವರ್ಷದಿಂದ ಒದ್ದಾಡಾಕತ್ತೀವಿ.

ಬೆಂಗಳೂರಾಗ ಇರೋ ನಮ್ಮ ಅಳಿಯ ಒಂದು ಕರಪತ್ರ ಬರದುಕೊಟ್ಟ. 'ಶತಮಾನಗಳ ಪರಂಪರೆ, ಅಜ್ಜಿಯ ಕೈರುಚಿ, ಪರಿಶುದ್ಧ ಹಳ್ಳಿಯ ಸೊಗಡು.' ಓದಾಕ ಚಂದ ಐತಿ. ಒಂದು ಮೇಳದಾಗ ಮಳಿಗಿ ಹಾಕಿದ್ವಿ, ಪ್ಯಾಂಟು ಹಾಕ್ಕೊಂಡ ಒಬ್ಬ ಹುಡುಗಿ ಬಂದು ಕರಪತ್ರ ಓದಿ, "ಯಾವ ಅಜ್ಜಿ?" ಅಂತ ಕೇಳಿದ್ಲು. ನಾವು ಒಬ್ಬರ ಮಾರಿ ಒಬ್ಬರು ನೋಡಿದ್ವಿ. ನಮ್ಮೊಳಗ ಎಲ್ಲಾರಕಿಂತ ಹಿರ್‍ಯಾಕಿಗೆ ಐವತ್ತೆರಡು. ಆಕಿ ನಗಾಕತ್ಲು, ಆ ಹುಡುಗಿನೂ ನಕ್ಕು ಮುಂದಿನ ಮಳಿಗಿಗೆ ಹ್ವಾದ್ಲು. ಆ ಮಳಿಗ್ಯಾಗೂ ಅದ ಅಜ್ಜಿ ಕೈರುಚಿ ಅಂತ ಬೋರ್ಡ್ ಇತ್ತು.

ತರಬೇತಿಗೆ ಬಂದವರು 'ನಿಮ್ಮ ಕತಿ ಹೇಳ್ರಿ, ಜನ ಕತಿ ಕೇಳಿ ಕೊಳ್ಳತಾರ' ಅಂತಾರ. ಏನ್ ಕತಿ ಹೇಳೂನ್ರಿ? ಎಲ್ಲಾರದೂ ಒಂದ ಬಾಳೆ. ನಸಿಕಿನ್ಯಾಗ ಎದ್ದು ಎಸರು ಇಡೋದು, ಹಿಟ್ಟು ನಾದೋದು, ಬಡಿಯೋದು, ಬೇಯಿಸೋದು. ತಿಳದವರು ಹೇಳ್ರಿ.

ಕುಂದಾನಗರಿ ಮಂದಿ (ಬೆಳಗಾವಿ)

ಅಕ್ಕಾರ, ನಾನು ಇದ ಕೆಲಸ ಮಾಡಾಂವ, ಅಂಗಡಿಯವರಿಗೆ ಜಾಹೀರಾತು ಬರದು ಕೊಡತೀನಿ. ನಿಮಗ ಬೇಕಾಗಿರೋದು ಒಂದು ಹುಟ್ಟಿನ ಕತಿ.

ನಮ್ಮ ಕುಂದಾ ನೋಡ್ರಿ. ಮಿಠಾಯಿ ಮಾಡಾಂವ ಹಾಲು ಒಲಿ ಮ್ಯಾಲೆ ಇಟ್ಟು ಮರತ, ವಾಪಸ್ ಬಂದು ನೋಡಿದ್ರ ಗಟ್ಟಿಯಾಗಿ ಕಂದು ಬಣ್ಣಕ್ಕ ತಿರುಗಿತ್ತು, ಚೆಲ್ಲೋ ಬದ್ಲಿ ಬಾಯಾಗ ಹಾಕ್ಕೊಂಡು ನೋಡಿದ ಅಂತ ಹೇಳ್ತಾರಲ್ಲ, ಬೆಳಗಾವ್ಯಾಗ ಆ ಮಾತು ಕೇಳದಂಥ ಮನಿ ಇಲ್ಲ. ಖರೇ ಎಷ್ಟು, ಕಟ್ಟಿದ್ದು ಎಷ್ಟು ಅಂತ ಯಾರೂ ಕೇಳಂಗಿಲ್ಲ. ಕುಂದಾ ಡಬ್ಬಿ ತಗದಾಗೊಮ್ಮೆ ಹೊರಗಿನ ಬೀಗರಿಗೆ ನಾವ ಹೇಳತೀವಿ. ಅಂದ್ರ ಅಂಗಡಿಯವನ ಜಾಹೀರಾತು ಪುಕ್ಕಟ ನಾವು ಮಾಡಾಕತ್ತೀವಿ.

ಗೋಕಾಕ, ಅಮೀನಗಡದ ಕರದಂಟು ತಗೋರಿ. ಕರಿದ ಅಂಟು, ಅದ ಕರದಂಟು. ಹೆಸರಿನ್ಯಾಗ ಅಡಗಿ ಮಾಡೋ ರೀತಿನ ಕುಂತೈತಿ. ನಿಮ್ಮ ರೊಟ್ಟಿಗೂ ಅಂಥಾದ್ದೊಂದು ಹುಡುಕೋಣು.

ಎರಿಹೊಲ (ವಿಜಯಪುರ)

ನಾ ಹೇಳೋದು ಕಡು ಅನಿಸಬಹುದು, ಸಿಟ್ಟಾಗಬ್ಯಾಡ್ರಿ. ಕತಿಲೆ ಹೊಟ್ಟಿ ತುಂಬಂಗಿಲ್ಲ. ಹ್ವಾದ ತಿಂಗಳ ಒಂದು ಸಂಘದಿಂದ (ನಿಮ್ಮದಲ್ಲ ಬಿಡ್ರಿ) ಐವತ್ತು ರೊಟ್ಟಿ ತರಿಸಿದ್ದೆ. ಮನಿಗೆ ಬಂದಿದ್ದು ಐವತ್ತು ರೊಟ್ಟಿ ಅಲ್ಲ, ಎರಡು ಸೇರು ರೊಟ್ಟಿ ಚೂರು. ಮೊಸರಾಗ ನೆನಿಸಿಕೊಂಡು ತಿಂದ್ವಿ. ಪಾಕೀಟಿನ ಮ್ಯಾಲೆ ಬೀಸೋಕಲ್ಲು, ಬೈತಲಿ ತಗದ ಹೆಣ್ಮಗಳ ಚಿತ್ರ, ಎಲ್ಲಾ ಇತ್ತು. ಯಾವತ್ತು ಮಾಡಿದ್ದು ಅನ್ನೋ ತಾರೀಖು ಇರಲಿಲ್ಲ.

ಮೊದಲ ತೂಕ, ತಾರೀಖು, ಆಹಾರ ಇಲಾಖೆಯ ಹದಿನಾಲ್ಕು ಅಂಕಿ ನಂಬರು, ಮುರಿಯದಂಗ ಕಟ್ಟೋ ರಟ್ಟಿನ ಡಬ್ಬಿ. ಆಮ್ಯಾಲೆ ಕತಿ.

ಒಂದು ಮಾತು ಕೇಳತೀನಿ. ನಿಮ್ಮ ಜ್ವಾಳ ಎಲ್ಲೀದು? ನಮ್ಮ ಕಡೆ 'ಡೋಣಿ ಹರಿದರ ಓಣೆಲ್ಲಾ ಜ್ವಾಳ' ಅಂತಾರ. ಡೋಣಿ ಹೊಳಿ ದಂಡಿ ಎರಿ ಭೂಮ್ಯಾಗ ಹಿಂಗಾರಿಗೆ ಬಿತ್ತಿದ ಮಾಲದಂಡಿ ಜ್ವಾಳದ ರೊಟ್ಟಿ ಬ್ಯಾರೆ, ಅಂಗಡ್ಯಾಗ ಸಿಗೋ ಮಿಶ್ರ ಹಿಟ್ಟಿನ ರೊಟ್ಟಿ ಬ್ಯಾರೆ. ತಿನ್ನಾಂವಗ ಗೊತ್ತಾಗತೈತಿ. ಅದನ್ನ ಯಾರೂ ಬರಿಯಂಗಿಲ್ಲ, ಅಜ್ಜಿ ಚಿತ್ರ ಹಾಕತಾರ.

ರೊಟ್ಟಿಬುಟ್ಟಿ

ಅಣ್ಣಾರ, ನಿಮ್ಮ ಮಾತಿಗೆ ಸಿಟ್ಟಿಲ್ಲ. ನಮ್ಮವೂ ಮುರದು ಹೋಗ್ಯಾವ, ಸುಳ್ಳ್ಯಾಕ ಹೇಳ್ಲಿ.

ಜ್ವಾಳ ಮಾಲದಂಡಿನ. ಇಬ್ಬರು ಸದಸ್ಯರ ಹೊಲದಾಗಿಂದು ಅರ್ಧ ವರ್ಷಕ್ಕ ಆಗತೈತಿ, ಉಳದದ್ದು ಎಪಿಎಂಸಿಯಾಗ ಕೈಯಾಗ ಹಿಡದು, ಬಾಯಾಗ ಕಡದು ನೋಡಿ ತರತೀವಿ. ಹಿಟ್ಟು ಒಮ್ಮೆಗೆ ಬೀಸಿ ಇಟ್ಟುಕೊಳ್ಳಂಗಿಲ್ಲ, ಮೂರು ದಿನಕ್ಕೊಮ್ಮೆ ಗಿರಣಿಗೆ ಹೋಗತೀವಿ. ಹಿಟ್ಟು ಹಳೇದಾತಂದ್ರ ಜಿಗಿ ಹೋಗತೈತಿ. ಎಷ್ಟ ಬಿಸಿ ಎಸರು ಹಾಕಿ ನಾದಿದ್ರೂ ಬಡಿಯಾಕ ಹೋದ್ರ ಅಂಚು ಸೀಳತೈತಿ. ನಮ್ಮ ಐವತ್ತೆರಡರ ಅಕ್ಕ ಅದಾಳಲ್ಲ, ಆಕಿ ಪರಾತದಾಗ ಹಿಟ್ಟಿನ ಮ್ಯಾಲೆ ಅಂಗೈ ಒತ್ತಿ ತಗದ್ರ ಸಾಕು, "ಇದು ನಾಕು ದಿನದ್ದ ಐತಿ, ಯಾರ ಬೀಸಿಕೊಂಡ ಬಂದೀರಿ?" ಅಂತ ಕೇಳತಾಳ. ಸುಳ್ಳು ಹೇಳಾಕ ಆಗಂಗಿಲ್ಲ.

ಇನ್ನೊಂದು ಐತಿ. ಖಡಕ್ ಮಾಡೋವಾಗ ಬೆಂದ ರೊಟ್ಟಿನ ಒಲಿ ಮುಂದ ಒರಗಿಸಿ ನಿಲ್ಲಿಸತೀವಿ. ಆಕಿ ಉಗುರಿಲೆ ಟಕ್ ಅಂತ ಬಡದು ಸದ್ದು ಕೇಳತಾಳ. ಸದ್ದು ಮಂದ ಬಂದ್ರ ಒಳಗ ಹಸಿ ಐತಿ ಅಂತ, ಅದು ಹೊರಗ ಕಳಸಂಗಿಲ್ಲ, ಮನಿ ಮಂದಿ ತಿನ್ನೋದು. ನಾ ಇನ್ನೂ ಆ ಸದ್ದು ಪೂರ್ತಿ ಕಲತಿಲ್ಲ.

ಇದೆಲ್ಲಾ ಕೆಲಸ ಆತು. ಕತಿ ಎಲ್ಲಿ ಬಂತು?

ಹಳೇ ಮಾಸ್ತರ (ವಿಜಯಪುರ)

ತಾಯಿ, ನೀವು ಈಗ ಬರೆದದ್ದನ್ನು ಎರಡು ಸಲ ಓದಿದೆ. ಕತೆ ಎಲ್ಲಿ ಎಂದು ಕೇಳುತ್ತಲೇ ಕತೆ ಹೇಳಿ ಮುಗಿಸಿದ್ದೀರಿ. ಉಗುರಿನಿಂದ ಬಡಿದು ಸದ್ದು ಕೇಳುವ ಆ ಹೆಣ್ಣುಮಗಳು ನನ್ನ ಕಣ್ಣ ಮುಂದೆ ಕೂತಿದ್ದಾಳೆ. ಕರಪತ್ರದ ಅಜ್ಜಿ ಕೂತಿರಲಿಲ್ಲ.

ಮೂವತ್ತೊಂದು ವರ್ಷ ಶಾಲೆಯಲ್ಲಿ ಇದ್ದವನು ನಾನು, ಮಾತು ಉದ್ದವಾದರೆ ಕ್ಷಮೆ ಇರಲಿ. ನಮ್ಮ ಮನೆಯಲ್ಲಿ ಅಜ್ಜಿ ಕತೆ ಹೇಳುವಾಗ ಮಕ್ಕಳು 'ಹೂಂ' ಅನ್ನಬೇಕಿತ್ತು. ಎರಡು ಸಲ ಹೂಂ ಬರದಿದ್ದರೆ ಕತೆ ಅಲ್ಲಿಗೇ ನಿಂತಿತು, "ಮಲಗ್ಯಾವು" ಅಂತ ದೀಪ ಸಣ್ಣ ಮಾಡುತ್ತಿದ್ದಳು. ಗೀಗೀ ಪದದಲ್ಲೂ ಅಷ್ಟೇ. ಮುಂದಿನವ ಒಂದು ನುಡಿ ಹಾಡಿದ ಮೇಲೆ ಹಿಂದಿನ ಮೇಳದವರು 'ಗೀ ಗೀ' ಎಂದು ಎತ್ತಿಕೊಳ್ಳದೆ ಅವನು ಮುಂದಕ್ಕೆ ಹೋಗಲಾರ. ಹರದೇಶಿ-ನಾಗೇಶಿಯ ಸವಾಲು-ಜವಾಬಿನ ಹಾಡು ಕೇಳಿದವರಿಗೆ ಇನ್ನೂ ಚೆನ್ನಾಗಿ ಗೊತ್ತು. ಒಂದು ಕಡೆಯವರು ಪುರುಷನೇ ಹೆಚ್ಚು ಎಂದು ಹಾಡಿ ಒಂದು ಸವಾಲು ಎಸೆಯುತ್ತಾರೆ, ಇನ್ನೊಂದು ಕಡೆಯವರು ಪ್ರಕೃತಿಯೇ ಹೆಚ್ಚು ಎಂದು ಉತ್ತರ ಕಟ್ಟುತ್ತಾರೆ. ಜನ ಬೆಳಗಿನವರೆಗೆ ಏಳದೆ ಕೂರುವುದು ಉತ್ತರ ಏನು ಬರುತ್ತದೋ ನೋಡೋಣ ಎಂದು.

ನಿಮ್ಮ ಕರಪತ್ರದಲ್ಲಿ ಓದುವವನಿಗೆ ಹೂಂ ಅನ್ನಲು ಜಾಗವೇ ಇಲ್ಲ. 'ಪರಿಶುದ್ಧ' ಎಂದರೆ ಅವನು ಏನೆನ್ನಬೇಕು? ಮೇಳದಲ್ಲಿ "ಯಾವ ಅಜ್ಜಿ?" ಎಂದು ಕೇಳಿದಳಲ್ಲ, ಆ ಹುಡುಗಿ ಹೂಂ ಅಂದಿದ್ದಳು. ನೀವು ಕತೆ ನಿಲ್ಲಿಸಿಬಿಟ್ಟಿರಿ.

ಕುಣಿಮಗ್ಗ (ಇಳಕಲ್ಲ)

ಮಾಸ್ತರ್ರ ಮಾತು ಚಂದ ಐತಿ. ಆದ್ರ ಕತಿ ಹೇಳಿ ಸುಟ್ಟುಕೊಂಡಾಂವ ನಾನು.

ನಮ್ಮದು ಇಳಕಲ್ಲ ಸೀರಿ, ಕೈಮಗ್ಗ. ಮೂರು ವರ್ಷದ ಹಿಂದ ನಮ್ಮ ಅಪ್ಪ ಕುಣಿಮಗ್ಗದಾಗ ಕಾಲು ಇಳಿಬಿಟ್ಟು ನೇಯೋದು ಫೋಟೋ ತಗದು, ಕೆಳಗ ನಾಕು ಸಾಲು ಬರದು ಹಾಕಿದೆ. ಸಾವಿರಾರು ಮಂದಿ ನೋಡಿದ್ರು. ಆರು ತಿಂಗಳಿಗೆ ಅದ ಫೋಟೋ, ಅವ ನಾಕು ಸಾಲು, ಬ್ಯಾರೆ ಊರಿನ ಒಂದು ಅಂಗಡಿಯ ಪೇಜಿನ್ಯಾಗ. ಅವರು ಮಾರೋದು ಮಷಿನ್ ಸೀರಿ, ನಮ್ಮ ರೇಟಿನ ಕಾಲು ಭಾಗಕ್ಕ. ನಮ್ಮ ಅಪ್ಪ ಅವರ ಸೀರಿ ಮಾರಾಕತ್ತಾನ, ಅವಂಗ ಗೊತ್ತ ಇಲ್ಲ. ಫೋನ್ ಮಾಡಿ ಕೇಳಿದ್ರ "ನೆಟ್‌ನಾಗ ಇತ್ತು, ತಗೊಂಡ್ವಿ" ಅಂದ್ರು.

ಆವಾಗಿಂದ ನಾ 'ಪರಂಪರೆ', 'ಕಲೆ' ಅಂತ ಬರಿಯೋದು ಬಿಟ್ಟೆ. ಅದನ್ನ ಯಾರು ಬೇಕಾದ್ರೂ ನಕಲು ಹೊಡಿತಾರ. ಈಗ ಕೊಂಡಿ ಬಗ್ಗೆ ಬರಿತೀನಿ. ಗೊತ್ತಿಲ್ಲದವರಿಗೆ ಹೇಳತೀನಿ: ನಮ್ಮ ಸೀರಿಯಾಗ ಒಡಲಿನ ಹಾಸು (ಮಗ್ಗಕ್ಕ ಉದ್ದಕ ಹೂಡೋ ಎಳಿ) ಬ್ಯಾರೆ, ಸೆರಗಿನ ಹಾಸು ಬ್ಯಾರೆ. ಒಡಲು ಹತ್ತಿ ಇರಲಿ ಏನ ಇರಲಿ, ಸೆರಗು ಕೆಂಪು ರೇಷ್ಮಿ. ಎರಡೂ ಹಾಸಿನ ಎಳಿ ಒಂದಕ್ಕೊಂದು ಸಿಗಿಸಿ ಕೂಡಸತೀವಿ, ಅದಕ್ಕ ಕೊಂಡಿ ಅಂತೀವಿ. ಹಂಗಾಗಿ ಒಂದೊಂದು ಸೀರಿಗೂ ಹಾಸು ಹೊಸದಾಗಿ ತಯಾರ ಮಾಡಬೇಕು. ಒಮ್ಮೆ ಉದ್ದಕ ಹಾಸು ಹೂಡಿ ಹತ್ತು ಸೀರಿ ನೇದು ಕತ್ತರಿಸೋ ಮಾತಿಲ್ಲ. ಗಿರಾಕಿಗೆ ಹೇಳತೀನಿ, ಸೆರಗು ಒಡಲಿಗೆ ಕೂಡೋ ಜಾಗಕ್ಕ ಸೀರಿ ಹೊಳ್ಳಿಸಿ ಬೆರಳಾಡಸ್ರಿ, ಕೊಂಡಿ ಕೈಗೆ ಸಿಗತಾವು. ಆಮ್ಯಾಲೆ ಅಗ್ಗದ ಸೀರಿ ಹೊಳ್ಳಿಸಿ ನೋಡ್ರಿ.

ಈ ಕತಿ ಕದಿಯಾಕ ಆಗಂಗಿಲ್ಲ. ಕದ್ದವನ ಸೀರಿನ ಅವನ ಮ್ಯಾಲೆ ಸಾಕ್ಷಿ ಹೇಳತೈತಿ. ಅಕ್ಕಾರ, ನಿಮ್ಮ ಉಗುರಿನ ಸದ್ದೂ ಅಂಥಾದ್ದ.

ಸಂತಿ ಸುದ್ದಿ (ಗುಳೇದಗುಡ್ಡ)

ಜಿಐ ಗುರುತು (ಇದು ಈ ಊರಿಂದ ಅಂತ ಸರ್ಕಾರ ಕೊಡೋ ಗುರುತು) ಐತಲ್ರಿ ಇಳಕಲ್ಲ ಸೀರಿಗೆ? ನಮ್ಮ ಕುಪ್ಪಸದ ಖಣಕ್ಕೂ ಐತಿ.

ಕುಣಿಮಗ್ಗ

ಐತ್ರಿ. ಗಿರಾಕಿ ಕೇಳೋದು ರೇಟು. ಗುರುತು ಕೋರ್ಟಿಗೆ ಬೇಕು, ಅಂಗಡಿ ಕಟ್ಟಿ ಮ್ಯಾಲೆ ಮಾತು ಬೇಕು. ನಿಮ್ಮ ಖಣದಾಗ ತೇರು, ಸೂಜಿಮಲ್ಲಿಗೆ, ಆನೆಹೆಜ್ಜೆ ಅಂತ ನೇಯ್ಗಿಗೆ ಎಷ್ಟು ಚಂದ ಹೆಸರದಾವ, ಮಾರೋವಾಗ ಹೇಳತೀರೇನು?

ಸಂತಿ ಸುದ್ದಿ

ಇಲ್ರಿ. 'ಡಿಸೈನ್ ನಂಬರ್ ನಾಕು' ಅಂತೀವಿ. 😀

ಮುಳುಗಡಿ ಮನಿ (ನವನಗರ, ಬಾಗಲಕೋಟೆ)

ನಮ್ಮದು ವ್ಯಾಪಾರ ಅಲ್ಲ, ಓಣಿ ಹುಡುಗರ ಒಂದು ಬಳಗ. ಆದ್ರೂ ತೊಂದರಿ ಇದ ಇತ್ತು, ಅದಕ್ಕ ಬರಿತೀನಿ.

ಆಲಮಟ್ಟಿ ಡ್ಯಾಮಿನ ಹಿನ್ನೀರು ಬಂದು ಹಳೇ ಬಾಗಲಕೋಟಿಯ ಎಷ್ಟೋ ಓಣಿ ಮುಳಗಿದ್ದು ಎಲ್ಲಾರಿಗೂ ಗೊತ್ತು. ನವನಗರದಾಗ ಹುಟ್ಟಿದ ಹುಡುಗರಿಗೆ ಓಣಿ ಹೆಸರು ಗೊತ್ತಿಲ್ಲ, ಸೆಕ್ಟರ್ ನಂಬರ್ ಗೊತ್ತು. ಹಳೇ ಊರಿನ ನೆನಪು ಕೂಡಿಸೋಣು ಅಂತ ಕಾರ್ಯಕ್ರಮ ಇಟ್ವಿ. ಮೊದಲನೇ ಸಲ ಭಾಷಣ ಇಟ್ವಿ. ಯೋಜನೆ, ಎತ್ತರ, ಎಕರೆ, ಪರಿಹಾರ. ಇಪ್ಪತ್ತು ಖುರ್ಚಿಯಾಗ ಏಳು ಮಂದಿ, ಅದ್ರಾಗ ಮೂರು ಮಂದಿ ನಮ್ಮವರ.

ಎರಡನೇ ಸಲ ಭಾಷಣ ಬಿಟ್ವಿ. 'ಹಳೇ ಮನಿಯಿಂದ ತಂದ ಒಂದು ಸಾಮಾನು ತಗೊಂಡು ಬರ್ರಿ' ಅಂತ ಅಷ್ಟ ಚೀಟಿ ಹಂಚಿದ್ವಿ. ಒಬ್ಬರು ಬಾಗಲ ಚಿಲಕ ತಂದ್ರು. ಒಬ್ಬರು ಹೊಸ್ತಿಲ ಪಟ್ಟಿ. ಹೋಳ್ಯಾಗ ಬಣ್ಣದ ಬಂಡಿ ಮ್ಯಾಲೆ ಇಡತಿದ್ದ ಹಂಡೆ ಒಂದು ಬಂತು, ಒಳಗ ಇನ್ನೂ ಗುಲಾಬಿ ಕಲೆ ಇತ್ತು. ಒಬ್ಬ ಕಾಕಾ ಬರೇ ಕೀಲಿಕೈ ತಂದಿದ್ರು. ಕೀಲಿ ಇಲ್ಲ, ಬಾಗಲಿಲ್ಲ, ಮನಿ ನೀರಾಗ. "ಯಾಕ ಇಟ್ಟೀರಿ ಕಾಕಾ?" ಅಂದ್ರ, "ಬಿಸಾಕಾಕ ಜಾಗ ಸಿಗಲಿಲ್ಲೋ" ಅಂದ್ರು. ಅವತ್ತು ರಾತ್ರಿ ಹತ್ತಾದ್ರೂ ಜನ ಏಳಲಿಲ್ಲ. ಮಾತಾಡಿದವರಕಿಂತ "ನಮ್ಮ ಮನ್ಯಾಗೂ ಐತಿ, ತಡೀರಿ ತರತೀನಿ" ಅಂತ ಎದ್ದು ಮನಿಗೆ ಓಡಿದವರ ಹೆಚ್ಚು.

ಈಗ ತಪ್ಪಿನ ಮಾತು. ಒಬ್ಬ ಆಯಿ ಮಾತಾಡತಾ ಅತ್ಲು. ನಮ್ಮ ಹುಡುಗ ಒಬ್ಬ ಅದನ್ನಷ್ಟ ಕತ್ತರಿಸಿ, ಹಿಂದ ಕೊಳಲಿನ ಸಂಗೀತ ಹಚ್ಚಿ ಬಿಟ್ಟ. ಭಾಳ ಮಂದಿ ನೋಡಿದ್ರು, ಎಲ್ಲಾರೂ ಶಾಬಾಸ್ ಅಂದ್ರು. ಮೂರನೇ ದಿನ ಆಯಿ ಮಗ ಬಂದು ಬಾಗಲಾಗ ನಿಂತ. "ನಮ್ಮವ್ವ ಅತ್ತದ್ದು ನಿಮ್ಮ ಮುಂದ. ಊರ ಮುಂದ ಅಲ್ಲ" ಅಂದ. ತಗದು ಹಾಕಿದ್ವಿ. ಆದ್ರ ಫೋನಿನಿಂದ ಫೋನಿಗೆ ಹೋದದ್ದು ಹೆಂಗ ತಗೀತೀರಿ? ಆಯಿ ಆಮ್ಯಾಲೆ ನಮ್ಮ ಕಾರ್ಯಕ್ರಮಕ್ಕ ಬಂದಿಲ್ಲ. ಈಗ ಮೊದಲ ಕೇಳತೀವಿ, ರೆಕಾರ್ಡ್ ಮಾಡಿದ ಮ್ಯಾಲೆ ಅವರಿಗ ತೋರಸತೀವಿ, ಬ್ಯಾಡ ಅಂದ್ರ ಅಲ್ಲೇ ಅಳಸತೀವಿ.

ಹಳೇ ಮಾಸ್ತರ

ಈ ಮಾತು ಬಂದದ್ದು ಒಳ್ಳೆಯದಾಯಿತು. ಭೀಮಾ ತೀರದ ಹಲಸಂಗಿ ನಮ್ಮ ಜಿಲ್ಲೆಯದೇ. ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಗೆಳೆಯರು ಹೆಣ್ಣುಮಕ್ಕಳು ಬೀಸುವಾಗ, ಕುಟ್ಟುವಾಗ ಹಾಡುತ್ತಿದ್ದ ತ್ರಿಪದಿಗಳನ್ನು ಬರೆದುಕೊಂಡು 1931ರಲ್ಲಿ ಪುಸ್ತಕ ಮಾಡಿದರು. ದಿನಾ ಕಿವಿಗೆ ಬೀಳುತ್ತಿದ್ದ ಹಾಡು ಸಾಹಿತ್ಯ ಎಂದು ಓದಿದವರಿಗೆ ಆಗ ಹೊಳೆಯಿತು. ದೊಡ್ಡ ಕೆಲಸ, ಎರಡು ಮಾತಿಲ್ಲ. ಆದರೂ ಪಾಠ ಮಾಡುವಾಗೆಲ್ಲ ನನಗೆ ಅನಿಸುತ್ತಿತ್ತು: ಕೂಡಿಸಿದವರ ಹೆಸರು ನಮಗೆ ಬಾಯಿಪಾಠ, ಬೀಸುತ್ತ ಹಾಡಿದವರಲ್ಲಿ ಒಬ್ಬಳ ಹೆಸರನ್ನಾದರೂ ನಾನು ಮಕ್ಕಳಿಗೆ ಹೇಳಿದೆನೇ? ಆ ಕಾಲದ ರೀತಿ ಹಾಗಿತ್ತು ಎನ್ನೋಣ. ಈಗ ಹಾಗೆ ಮಾಡಬೇಕಿಲ್ಲ. ರೊಟ್ಟಿಯ ಚೀಟಿಯಲ್ಲಿ ಬಡಿದವಳ ಹೆಸರು ಹಾಕಲು ಎಷ್ಟು ಶಾಯಿ ಬೇಕು?

ಕುಂದಾನಗರಿ ಮಂದಿ

ಎಲ್ಲಾ ಖರೇ. ಆದ್ರ ನೀವೆಲ್ಲಾ ಮಾರೋ ಮಾತ ಮರತೀರಿ. ಜನ ಮೊಬೈಲ್ ಮ್ಯಾಲೆ ಹೆಬ್ಬೆರಳು ಆಡಸತಾ ಹೋಗತಾರ, ಎರಡು ಕ್ಷಣದಾಗ ತಡಿಲಿಲ್ಲ ಅಂದ್ರ ಮುಗೀತು. ಜಿಗಿ, ಎಸರು, ಹಾಸು ಅಂತ ಕುಂತ್ರ ಯಾರು ನಿಲ್ಲತಾರ? ಮನಸ್ಸು ಕರಗೋದು ಕಷ್ಟದ ಕತಿಗೆ. ಅಕ್ಕಾರ, ನಿಮ್ಮ ಸಂಘದಾಗ ಗಂಡ ಬಿಟ್ಟಾಕಿ, ರೊಟ್ಟಿ ಮಾರಿ ಮಗಳನ್ನ ಓದಿಸಿದಾಕಿ ಯಾರರ ಇರಬೇಕಲ್ಲ? ಆಕಿ ಮುಂದ ಕ್ಯಾಮರಾ ಇಡ್ರಿ. ನಾ ಪುಕ್ಕಟ ಬರದುಕೊಡತೀನಿ.

ರೊಟ್ಟಿಬುಟ್ಟಿ

ಅಣ್ಣಾರ, ನಿಮ್ಮ ಮನಸ್ಸು ಚೊಲೋ ಐತಿ, ಗೊತ್ತೈತಿ. ನಿಮ್ಮ ಮಾತು ಸಂಘದ ಕೂಟದಾಗ ಓದಿ ಹೇಳಿದೆ. ಅಂಥಾಕಿ ಅದಾಳ ನಮ್ಮೊಳಗ. ಆಕಿ ಹಿಟ್ಟಿನ ಕೈ ತೊಳಕೊಂಡು ಬಂದು, "ನಮ್ಮ ಮನಿ ಜಗಳ ರೊಟ್ಟಿ ಪಾಕೀಟಿನ ಮ್ಯಾಲೆ ಯಾಕ? ರೊಟ್ಟಿ ಚೊಲೋ ಇದ್ರ ತಗೋತಾರ, ಪಾಪ ಅಂತ ತಗೊಂಡಾಂವ ಎರಡನೇ ಸಲ ಬರಂಗಿಲ್ಲ" ಅಂದ್ಲು. ಎಲ್ಲಾರೂ ಹೂಂ ಅಂದ್ವಿ.

ಎರಿಹೊಲ

ಆ ತಾಯಿಗೆ ನನ್ನ ಶರಣು ಹೇಳ್ರಿ.

ಕುಂದಾನಗರಿ ಮಂದಿ

ಆತು, ಸೋತೆ. ಅಲ್ಲ, ಅರ್ಧ ಸೋತೆ. ತಡಿಯೋ ಮಾತು ಮೊದಲ ಸಾಲಿನ್ಯಾಗ ಬೇಕ ಬೇಕು. ಕಷ್ಟದ ಕತಿ ಬ್ಯಾಡಂದ್ರ ಉಗುರಿನ ಸದ್ದ ಮೊದಲ ಹಾಕ್ರಿ. ವಿಡಿಯೋ ಮಾಡೋವಾಗ ಸಂಗೀತ ಹಚ್ಚಬ್ಯಾಡ್ರಿ, ಟಕ್ ಅನ್ನೋ ಸದ್ದ ಸಾಕು. ಒಂದು ಹಸಿ ರೊಟ್ಟಿ, ಒಂದು ಖಡಕ್, ಎರಡೂ ಬಡದು ತೋರಿಸಿ, 'ಯಾವುದು ಹಸಿ?' ಅಂತ ಕೇಳ್ರಿ. ಮಾಸ್ತರ್ರ ಸವಾಲು-ಜವಾಬು ಅಂದ್ರಲ್ಲ, ಹಂಗ.

ರೊಟ್ಟಿಬುಟ್ಟಿ (ಏಳು ವಾರದ ಮ್ಯಾಲೆ)

ತಡಾ ಆತು, ಸಿಟ್ಟಾಗಬ್ಯಾಡ್ರಿ. ಎಳ್ಳಮಾಸಿ ಗದ್ದಲದಾಗ ಸಜ್ಜಿ ರೊಟ್ಟಿ, ಹೊಲಕ್ಕ ಚರಗ ಚೆಲ್ಲೋ ಅಡಗಿಗೆ ಭಾಳ ಆರ್ಡರ್ ಇದ್ದು.

ಮಾಡಿದ್ದು ಹೇಳತೀನಿ. ಕರಪತ್ರ ತಗದು ಹಾಕಿದ್ವಿ. ಪಾಕೀಟಿನ್ಯಾಗ ಅಂಗೈಯಷ್ಟು ಚೀಟಿ ಇಡತೀವಿ. ಹಿಟ್ಟು ಬೀಸಿದ ತಾರೀಖು, ರೊಟ್ಟಿ ಬಡದ ತಾರೀಖು, ಬಡದಾಕಿ ಹೆಸರು, ಇವು ಪೆನ್ನಿಲೆ ಬರಿಯೋದು. ಕೆಳಗ ಛಾಪಿಸಿದ್ದು ಒಂದ ಸಾಲು: 'ಉಗುರಿಲೆ ಬಡದು ನೋಡ್ರಿ, ಟಕ್ ಅನ್ನಲಿಲ್ಲ ಅಂದ್ರ ಫೋನ್ ಮಾಡ್ರಿ.'

ಫೋನ್ ಬರಾಕತ್ತಾವ. ದೂರು ಅಂತ ಅಲ್ಲ. ಪುಣೆಯಿಂದ ಒಬ್ಬರು, ಮೂಲ ನಮ್ಮ ಕಡೆಯವರ, ಬಡದಾಕಿ ಕೂಡ ಮಾತಾಡಬೇಕು ಅಂದ್ರು. ಆಕಿ ಹೆದರಿ ಫೋನ್ ಹಿಡದ್ಲು. ಅವರು ಕೇಳಿದ್ದು, "ಅವ್ವಾ, ರೊಟ್ಟಿ ಮ್ಯಾಲೆ ನಡುವ ಒಂದು ಕರಿ ಚುಕ್ಕಿ ಐತಲ್ಲ, ನಿಮ್ಮ ಹಂಚು ನಡುವ ಕುಳಿ ಬಿದ್ದೈತೇನು? ನಮ್ಮವ್ವನ ಹಂಚೂ ಹಂಗ ಇತ್ತು." ಹಂಚು ಖರೇನ ಕುಳಿ ಬಿದ್ದಿತ್ತು. ಬದಲಸಬೇಕು ಅಂತ ಮಾಡಿದ್ವಿ, ಈಗ ಆಕಿ ಬದಲಸಾಕ ಒಲ್ಲೆ ಅಂತಾಳ.

ವಿಡಿಯೋನೂ ಮಾಡಿದ್ವಿ. ಬಾಳ ಮಂದಿ ತಪ್ಪು ಉತ್ತರ ಹೇಳಿದ್ರು, ಅದಕ್ಕ ಜಗಳಾನೂ ಆತು. ಆರ್ಡರ್ ಹೆಚ್ಚಾಗ್ಯಾವ, ಆದ್ರ ಕುಣಿದಾಡೋವಷ್ಟು ಅಲ್ಲ. ಒಂದು ಖಾನಾವಳಿಯವರು ದಿನಾ ಮುನ್ನೂರು ಕೇಳಿದ್ರು, ಚೀಟಿ ಬ್ಯಾಡ, ಹೆಸರು ಬ್ಯಾಡ, ರೊಟ್ಟಿಗೆ ಎರಡು ರೂಪಾಯಿ ಕಮ್ಮಿ ಮಾಡ್ರಿ ಅಂದ್ರು. ಅದಕ್ಕ ಒಪ್ಪಬೇಕೋ ಬ್ಯಾಡೋ ಅಂತ ಸಂಘದಾಗ ಇನ್ನೂ ಜಗ್ಗಾಟ ನಡದೈತಿ.

ಒಂದು ಸಲ ಸಿಕ್ಕಿಬಿದ್ವಿ. ಗಿರಣಿ ಕರೆಂಟ್ ಇರಲಿಲ್ಲ, ಐದು ದಿನದ ಹಿಟ್ಟಿಲೆ ಮಾಡಿದ್ವಿ. ಚೀಟಿ ಬರಿಯೋ ಹುಡುಗಿ ರೂಢಿ ಮ್ಯಾಲೆ ಮೂರು ದಿನದ ತಾರೀಖ ಹಾಕಿದ್ಲು. ನಮ್ಮ ಅಕ್ಕ ನೋಡಿದಾಕಿನ ನಲವತ್ತು ಪಾಕೀಟು ಬಿಚ್ಚಿಸಿ, ತಾರೀಖು ಹೊಡದು ಹಾಕಿ ಬ್ಯಾರೆ ಬರಿಸಿದ್ಲು. ಗಿಚ್ಚಿದ ಚೀಟಿನ ಹ್ವಾದ್ವು. ಯಾರೂ ವಾಪಸ್ ಕಳಸಲಿಲ್ಲ, ಒಬ್ಬರು ಮಾತ್ರ "ಯಾಕ ಗಿಚ್ಚೀರಿ?" ಅಂತ ಕೇಳಿದ್ರು, ಹೇಳಿದ್ವಿ.

ಇನ್ನೊಂದು ಕೇಳೋದೈತಿ. ನಮ್ಮೊಳಗ ಇಬ್ಬರಿಗೆ ಮನ್ಯಾಗ ಹೆಸರು ಹಾಕಾಕ ಒಪ್ಪವಲ್ರು. ಅವರು ಬಡದ ರೊಟ್ಟಿ ಚೀಟಿ ಮ್ಯಾಲೆ ಏನ್ ಬರಿಯೋಣು? ಸುಳ್ಳು ಹೆಸರು ಬ್ಯಾಡ ಅಂತ ಅವರ ಅಂದಾರ.

ಮುಳುಗಡಿ ಮನಿ

ಹೆಸರಿನ ಜಾಗ ಖಾಲಿ ಬಿಡ್ರಿ. ಗೆರಿ ಇರಲಿ, ಹೆಸರು ಬ್ಯಾಡ. ಕೇಳಿದವರಿಗೆ 'ಆಕಿ ಬ್ಯಾಡ ಅಂದಾಳ' ಅಂತ ಹೇಳ್ರಿ.

ಕುಣಿಮಗ್ಗ

ಅವರನ್ನ ಕೇಳ್ರಿ, ನಮ್ಮನ್ನಲ್ಲ. ನಮ್ಮ ಮಗ್ಗದ ಸೀರಿ ಮ್ಯಾಲೆ ನಮ್ಮವ್ವ ಹೆಸರು ಬ್ಯಾಡ ಅಂದು, ಸೆರಗಿನ ಮೂಲ್ಯಾಗ ಒಂದು ಹಳದಿ ಎಳಿ ಹಾಕ್ತಾಳ. ಅದು ಆಕಿದು ಅಂತ ನಮಗ ಗೊತ್ತು.

ಎರಿಹೊಲ

ಅಕ್ಕಾರ, ನನಗ ಐವತ್ತು ರೊಟ್ಟಿ, ಕಾಲು ಕೆಜಿ ಗುರೆಳ್ಳು ಚಟ್ನಿ ಕಳಸ್ರಿ. ಕುಳಿ ಬಿದ್ದ ಹಂಚಿನವ ಇರಲಿ. ಮುರದು ಬಂದ್ರ ಫೋಟೋ ತಗದು ಇಲ್ಲೇ ಹಾಕತೀನಿ, ಬಿಡಂಗಿಲ್ಲ.